ಜೆರೂಸಲೇಮಿನ ಮಾಮೂಲು: ನಮ್ಮ ಚರಿತ್ರೆಯ ಕನ್ನಡವನ್ನು ಕುರಿತು ಒಂದು ವಿಮರ್ಶೆ

ಜೆರೂಸಲೇಮು ಯೆಹೂದ್ಯ, ಕ್ರೈಸ್ತ, ಇಸ್ಲಾಂ ಎಂಬ ಮೂರು ಮತಗಳಿಗೂ ಪವಿತ್ರವಾದ ನಗರವೆಂಬ ವಾಕ್ಯವನ್ನು ನಮ್ಮ ಕಾಲೇಜುಗಳಲ್ಲಿ ಚರಿತ್ರೆಯನ್ನು ಓದಿದವರಾರೂ ಮರೆತಿರಲಾರರು. ಪಠ್ಯಪುಸ್ತಕಗಳಲ್ಲಿ, ಪ್ರಶ್ನೋತ್ತರಮಾಲೆಗಳಲ್ಲಿ, ಪತ್ರಿಕೆಗಳ ಅಗ್ರಲೇಖನಗಳಲ್ಲಿ ಅದು ಹೆಚ್ಚು ಬದಲಾಗದೆ ಬರುತ್ತದೆ. ಅದರ ಬೆನ್ನಿಗೇ, ಆದ್ದರಿಂದ ಅಲ್ಲಿ ಕಲಹ ತಪ್ಪಲಿಲ್ಲವೆಂಬ ಇನ್ನೊಂದು ವಾಕ್ಯವೂ ಬರುತ್ತದೆ. ಮೊದಲನೆಯದು ಸುಳ್ಳಲ್ಲ, ಎರಡನೆಯದೂ ಬಹುಮಟ್ಟಿಗೆ ನಿಜ. ಆದರೆ ಇವೆರಡನ್ನು ಕೂಡಿಸುವ ‘ಆದ್ದರಿಂದ’ ಎಂಬ ಮಾತು ಪರೀಕ್ಷೆಗೆ ಒಳಗಾದಂತೆ ತೋರುವುದಿಲ್ಲ. ಪಾವಿತ್ರ್ಯ ಒಂದೇ ಕಡೆ ಕೂಡಿದರೆ ಕಲಹ ಹುಟ್ಟಲೇಬೇಕೆಂಬ ನಿಯಮವಿದ್ದರೆ, ಶತಮಾನಗಟ್ಟಲೆ ಅದೇ ಊರಿನಲ್ಲಿ ಅದೇ ಜನ ದಿನನಿತ್ಯದ ಪೂಜೆ ಪ್ರಾರ್ಥನೆಗಳನ್ನು ನಡಸಿಕೊಂಡು ಬಂದದ್ದು ಹೇಗೆಂಬ ಪ್ರಶ್ನೆಗೆ ಉತ್ತರವಿಲ್ಲದೆ ಹೋಗುತ್ತದೆ. ಈ ಪ್ರಶ್ನೆಯನ್ನು ಕೇಳದಂತೆ ನಮ್ಮನ್ನು ತಡೆದಿರುವುದು ನಮ್ಮ ಚರಿತ್ರೆಯ ಬರವಣಿಗೆ ಬಳಸುತ್ತಿರುವ ಕನ್ನಡವೇ ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ದೂರದ ಊರಿನ ಮಾತು ನಮಗೇಕೆಂದು ಕೇಳುವವರಿಗೆ ಚನ್ನಪಟ್ಟಣವೇ ಉತ್ತರ ಹೇಳುತ್ತದೆ. ಜಗದೇವರಾಯನು 1580ರ ಸುಮಾರಿಗೆ ಕಟ್ಟಿಸಿದನೆನ್ನುವ ಕೋಟೆಯ ಈ ಊರಿನ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿರುವುದನ್ನು ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಒಂದು ಟೀಪೂ ಸುಲ್ತಾನನ ಗುರುವೆಂದು ಹೆಸರಾದ ಅಕಲ್ ಷಾ ಖಾದ್ರಿಯದು; ಇನ್ನೊಂದು ಬೆಂಗಳೂರಿನ ಕಿಲ್ಲೇದಾರನಾಗಿದ್ದು ಸೆರೆಯಾಳುಗಳನ್ನು ದಯೆಯಿಂದ ನಡಸಿಕೊಂಡನೆಂದು ಕೀರ್ತಿ ಪಡೆದ ಸೈಯದ್ ಇಬ್ರಾಹಿಮನದು. ಪಡುವಣ ಕರಾವಳಿಯೊಡನೆ ರೇಷ್ಮೆಯ ವ್ಯಾಪಾರ ನಡಸುತ್ತಿದ್ದ ದಾಯಿರೆ ಮುಸಲ್ಮಾನರನ್ನೂ ಅವರು ಹೆಸರಿಸುತ್ತಾರೆ. ಇವರು ಹದಿನೈದನೆಯ ಶತಮಾನದ ಜೌನಪುರದ ಸೈಯದ್ ಮುಹಮ್ಮದನೇ ಮಹ್ದಿಯೆಂದು ನಂಬುವವರು. ಉಳಿದ ಮುಸಲ್ಮಾನರು ಮುಂದೆ ಬರಲಿರುವನೆಂದು ಕಾದಿರುವವನು ಇವರ ಪಾಲಿಗೆ ಆಗಲೇ ಬಂದುಹೋದವನು. ಒಂದೇ ಮತದೊಳಗೆ, ಒಂದೇ ಊರಿನ ಎರಡು ಬೀದಿಗಳಲ್ಲಿ, ಕಾಲದ ಕೊನೆಯನ್ನು ಕುರಿತ ಎಣಿಕೆ ಬೇರೆ ಬೇರೆಯಾಗಿದೆ. ಇತ್ತ ಪಕ್ಕದ ಕನಕಪುರ ತಾಲ್ಲೂಕಿನ ಹಾರೋಬೆಲೆ ಬಹುಕಾಲದಿಂದ ಕ್ರೈಸ್ತರ ಊರು. ಅಲ್ಲಿ ಏಸುವಿನ ಕೊನೆಯ ದಿನಗಳ ಕಥೆ ಕನ್ನಡದ ನಾಟಕವಾಗಿ ಊರವರಿಂದಲೇ ಆಡಲ್ಪಡುತ್ತ ಬಂದಿದೆ. ಇನ್ನು ಬೆಂಗಳೂರಿನಿಂದ ನಮ್ಮ ಊರಿಗೆ ಬರುವ ಮೈಸೂರು ರಸ್ತೆಯಲ್ಲಿಯೇ, ನಾಲ್ಕನೆಯ ಕೃಷ್ಣರಾಜ ಒಡೆಯರು ಕೊಟ್ಟ ನೆಲದಲ್ಲಿ, 1904ರಿಂದ ಯೆಹೂದ್ಯರ ರುದ್ರಭೂಮಿಯೊಂದಿದೆ. ಜೆರೂಸಲೇಮಿನ ಕಡೆಗೆ ಮುಖಮಾಡಿ ಪ್ರಾರ್ಥಿಸುತ್ತಿದ್ದವರು ಮಲಗಿರುವ ಆ ನೆಲದ ಮುಂದೆ ನಮ್ಮ ಬಸ್ಸುಗಳು ದಿನವೂ ಹಾದುಹೋಗುತ್ತವೆ.

ಹೀಗಾಗಿ ಈ ತಾಲ್ಲೂಕುಗಳ ತರಗತಿಯೊಂದರಲ್ಲಿ ಜೆರೂಸಲೇಮೆಂಬ ಹೆಸರನ್ನೆತ್ತಿದರೆ ಕೇಳುವ ಕಿವಿಗಳು ಒಂದೇ ಬಗೆಯವಲ್ಲ. ಮನೆಯಲ್ಲಿ ಉರ್ದು ಆಡುವ ಹುಡುಗಿಗೆ ಅದು ಬೈತುಲ್ ಮುಖದ್ದಸ್. ಪ್ರವಾದಿಯು ಒಂದೇ ರಾತ್ರಿಯಲ್ಲಿ ಮಕ್ಕದಿಂದ ಬಂದು ಸ್ವರ್ಗಕ್ಕೇರಿದ ಸ್ಥಳ. ಕ್ರೈಸ್ತರ ಮನೆಯ ಹುಡುಗನಿಗೆ ಅದು ಯೆರೂಸಲೇಮ್. ಗುಡಿಯ ಪೀಠದಿಂದ ಭಾನುವಾರ ಭಾನುವಾರವೂ ಕೇಳಿಬರುವ ಊರು. ಉಳಿದವರಿಗೆ ಅದು ಪರೀಕ್ಷೆಯ ಜೆರೂಸಲೇಂ. ಈ ಮೂರು ಹೆಸರುಗಳನ್ನೂ ‘ಪವಿತ್ರ ನಗರ’ ಎಂಬ ಒಂದು ಮಾತಿನಲ್ಲಿ ಕಟ್ಟಿ ನಾವು ಮುಂದಕ್ಕೆ ಹೋಗುತ್ತೇವೆ.

ಕಟ್ಟು ಗಟ್ಟಿಯಾಗಿಲ್ಲವೆಂಬುದು ಪದಗಳನ್ನು ಬಿಡಿಸಿ ನೋಡಿದೊಡನೆ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ತೊಡಗಿ, ಮುಂದೆ ಅನೇಕರು ತಿದ್ದುತ್ತ ಬಂದ ಕನ್ನಡ ಬೈಬಲಿನಲ್ಲಿ ಈ ಊರಿಗೆ ನಿಂತ ವಿಶೇಷಣ ‘ಪರಿಶುದ್ಧ’ವೆಂಬುದು. ಅನುವಾದಕರು ‘ಪುಣ್ಯ’ವನ್ನು ಕೈಬಿಟ್ಟದ್ದು ಅಕಸ್ಮಾತ್ತಲ್ಲ. ಹೀಬ್ರೂ ಭಾಷೆಯ ‘ಕೋದೆಶ್’, ಅರಬ್ಬಿಯ ‘ಖುದ್ಸ್’ ಇವೆರಡೂ ಒಂದೇ ಧಾತುವಿನವು. ಬೇರ್ಪಡಿಸಿ ಇಟ್ಟದ್ದು, ಸಾಮಾನ್ಯ ಬಳಕೆಯಿಂದ ತೆಗೆದಿರಿಸಿದ್ದು ಎಂಬ ಅರ್ಥ ಅವುಗಳಲ್ಲಿ ಉಂಟು. ‘ಹರಾಮ್’ ಎಂಬ ಮಾತಂತೂ ನಿಷಿದ್ಧವೆಂಬ ಅರ್ಥದಿಂದಲೇ ಹೊರಡುತ್ತದೆ. ನಮ್ಮ ‘ಪುಣ್ಯಕ್ಷೇತ್ರ’ವಾದರೋ ಹೋದವರಿಗೆಲ್ಲ ಫಲ ಕೊಡುವ ನೆಲ, ನಾಲ್ಕು ಜನ ಮಿಂದರೆ ಹೊಳೆಯ ತೀರ್ಥ ಸವೆಯುವುದಿಲ್ಲ. ಜೆರೂಸಲೇಮನ್ನು ಪುಣ್ಯಕ್ಷೇತ್ರವೆಂದು ಕರೆದೊಡನೆ ವಿದ್ಯಾರ್ಥಿಯ ಮನಸ್ಸಿನಲ್ಲಿ, ಇಷ್ಟು ಫಲವುಳ್ಳ ನೆಲದಲ್ಲಿ ಎಲ್ಲರೂ ಕೂಡಿ ಬಾಳಬಾರದೆ, ಅವರಿಗೇಕೆ ಆ ಬುದ್ಧಿ ಬರಲಿಲ್ಲ, ಎಂಬ ಆಶ್ಚರ್ಯ ಹುಟ್ಟುತ್ತದೆ. ಅದರ ಹಿಂದೆಯೇ, ನಾವು ಹಾಗಲ್ಲವೆಂಬ ಸಣ್ಣ ಹೆಮ್ಮೆಯೂ ಹುಟ್ಟುತ್ತದೆ. ಆ ಹೆಮ್ಮೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಮುಂದೆ ನೋಡೋಣ.

ಮೂರು ಮತಗಳು ‘ಹಂಚಿಕೊಂಡಿವೆ’ ಎಂದರೆ ನೆಲದ ಮೇಲೆ ಏನೆಂಬುದನ್ನು ಮೊದಲು ಗಮನಿಸಬೇಕು. ಸುಲೇಮಾನನು 1537ರಿಂದ 1541ರವರೆಗೆ ಕಟ್ಟಿಸಿದ ಗೋಡೆಯೊಳಗಿನ ಹಳೆಯ ಪಟ್ಟಣ ಸುಮಾರು ಒಂದು ಚದರ ಕಿಲೋಮೀಟರು. ಅದರೊಳಗೂ ಮೂವರ ಕಣ್ಣು ಒಂದೇ ಕಲ್ಲಿನ ಮೇಲಿಲ್ಲ. ಕ್ರಿ. ಶ. 70ರಲ್ಲಿ ಟೈಟಸನ ಸೈನ್ಯ ನಾಶಮಾಡಿದ ದೇವಾಲಯದ ಜಗತಿ ಯೆಹೂದ್ಯರಿಗೆ ಪವಿತ್ರ. 691–92ರಲ್ಲಿ ಖಲೀಫ ಅಬ್ದುಲ್ ಮಲಿಕನು ಬಂಡೆಯ ಮೇಲಣ ಗುಮ್ಮಟವನ್ನು ಪೂರೈಸಿದ್ದು ಅದೇ ಜಗತಿಯ ಮೇಲೆ. ಇವೆರಡು ಮಾತ್ರ ಒಂದರ ಮೇಲೊಂದು ಕೂತಿವೆ. ಕ್ರೈಸ್ತರ ಪರಮಸ್ಥಾನವಾದ ಸಮಾಧಿಯ ಗುಡಿ ಅಲ್ಲಿಂದ ಪಶ್ಚಿಮಕ್ಕೆ, ಬೇರೆಯ ಕೇರಿಯಲ್ಲಿದೆ. ಆದುದರಿಂದ ‘ಮೂವರ ಜಗಳ’ ಎಂಬ ಚಿತ್ರದಲ್ಲಿ ಒಂದು ದೊಡ್ಡ ಸಂಗತಿ ಬಿಟ್ಟುಹೋಗಿದೆ: ಅತಿ ಸಣ್ಣ ಅಳತೆಯ, ಅತಿ ಹಠದ ಹಂಚಿಕೆ ನಡೆದಿರುವುದು ಒಂದೇ ಮತದೊಳಗೆ, ಆ ಸಮಾಧಿಯ ಗುಡಿಯ ಒಳಗೆ.

ಗ್ರೀಕರು, ಲ್ಯಾಟಿನರು, ಆರ್ಮೀನಿಯದವರು, ಕೊಪ್ತರು, ಸಿರಿಯದವರು, ಇಥಿಯೋಪಿಯದವರು ಎಂಬ ಆರು ಪಂಗಡಗಳು ಆ ಒಂದು ಮಾಡಿನ ಕೆಳಗೆ, ಇಥಿಯೋಪಿಯದವರಾದರೆ ಮಾಡಿನ ಮೇಲೆಯೇ, ಬಾಳುತ್ತವೆ. ಯಾರು ಯಾವ ಹೊತ್ತಿನಲ್ಲಿ ಆರಾಧನೆ ನಡಸಬೇಕು, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು, ಯಾವ ದೀಪ ಯಾರದು ಎಂಬುದಕ್ಕೆಲ್ಲ ಕಟ್ಟುಪಾಡಿದೆ. ತುರ್ಕಿಯ ಸುಲ್ತಾನರು 1757ರಲ್ಲಿ ಹೊರಡಿಸಿದ ಫರ್ಮಾನು ಗ್ರೀಕರ ಕೈಯನ್ನು ಬಲಪಡಿಸಿತು. ಇದ್ದದ್ದು ಇದ್ದಂತೆಯೇ ನಡೆಯತಕ್ಕದ್ದೆಂದು 1852ರ ಫರ್ಮಾನು ಮುದ್ರೆಯೊತ್ತಿತು. ಬ್ರಿಟಿಷರ ಆಳ್ವಿಕೆಯಲ್ಲಿ ಕಸ್ಟ್ ಎಂಬ ಅಧಿಕಾರಿ 1929ರಲ್ಲಿ ಈ ಪದ್ಧತಿಯನ್ನೆಲ್ಲ ಒಂದು ಟಿಪ್ಪಣಿಯಾಗಿ ಬರೆದಿಟ್ಟನು. ಅದನ್ನು ಓದಿದರೆ ವಿಚಿತ್ರವಾದ ನ್ಯಾಯವೊಂದು ಹೊರಪಡುತ್ತದೆ. ಮಾಡನ್ನೋ ನೆಲವನ್ನೋ ರಿಪೇರಿ ಮಾಡುವ ಅಧಿಕಾರ ಯಾರಿಗಿದೆಯೋ ಅದು ಅವರ ಸೊತ್ತು. ಕಂಬದ ಮೇಲೆ ದೀಪವನ್ನೋ ಚಿತ್ರವನ್ನೋ ತೂಗುಹಾಕಿದವರಿಗೆ ಆ ಕಂಬ ಸಲ್ಲುತ್ತದೆ. ಈ ನ್ಯಾಯದ ಫಲವಾಗಿ, ಒಬ್ಬರು ಕಲ್ಲನ್ನು ಮುಟ್ಟಿದರೆ ಮತ್ತೊಬ್ಬರ ಹಕ್ಕಿಗೆ ಕುಂದು. ಸಮಾಧಿಯ ಮಂಟಪ ಬೀಳದಿರಲೆಂದು ಬ್ರಿಟಿಷರು 1947ರಲ್ಲಿ ಕಬ್ಬಿಣದ ತೊಲೆಗಳನ್ನು ಕಟ್ಟಿದರು. ಮಂಟಪವನ್ನೇ ಸರಿಪಡಿಸುವುದಕ್ಕೆ ಪಂಗಡಗಳು ಒಪ್ಪಿ ಕೆಲಸ ಮುಗಿದದ್ದು 2017ರಲ್ಲಿ. ಎಪ್ಪತ್ತು ವರ್ಷ! ಮುಂಬಾಗಿಲ ಮೇಲಣ ಕಿಟಕಿಯ ಕೆಳಗೆ ಹದಿನೆಂಟನೆಯ ಶತಮಾನದಿಂದ ಒಂದು ಮರದ ಏಣಿ ನಿಂತೇ ಇದೆ. 2002ರ ಜುಲೈಯಲ್ಲಿ ಮಾಡಿನ ಮೇಲೆ ಕೊಪ್ತ ಸನ್ಯಾಸಿಯೊಬ್ಬನು ಬಿಸಿಲು ತಾಳದೆ ಕುರ್ಚಿಯನ್ನು ನೆರಳಿಗೆ ಸರಿಸಿದ್ದಕ್ಕೆ ಇಥಿಯೋಪಿಯದವರೊಡನೆ ಹೊಡೆದಾಟವಾಗಿ ಹನ್ನೊಂದು ಜನಕ್ಕೆ ಗಾಯಗಳಾದವು.

ಇದನ್ನು ಓದಿ ನಗುವುದು ಸುಲಭ. ನಗುವ ಮುನ್ನ ಬಾಗಿಲ ಬೀಗವನ್ನು ನೋಡಬೇಕು. ಆ ಗುಡಿಯ ಬೀಗದ ಕೈ ಇರುವುದು ಜೂದೆ ಎಂಬ ಮುಸಲ್ಮಾನ ಮನೆತನದ ಬಳಿ; ಬಾಗಿಲನ್ನು ತೆರೆಯುವುದು ನುಸೈಬೆ ಎಂಬ ಇನ್ನೊಂದು ಮುಸಲ್ಮಾನ ಮನೆತನ. ಅದು ತಲೆಮಾರುಗಳಿಂದ ಬಂದ ಹಕ್ಕು. ಇದನ್ನು ಪ್ರಸ್ತಾಪಿಸುವ ಲೇಖಕರು ಸಾಮಾನ್ಯವಾಗಿ ‘ಮತಸೌಹಾರ್ದದ ಉಜ್ಜ್ವಲ ನಿದರ್ಶನ’ವೆಂದು ಬರೆದು ಮುಗಿಸುತ್ತಾರೆ. ಇದೂ ಸರಿಯಲ್ಲ. ಕೈಗೂ ಬಾಗಿಲಿಗೂ ಇರುವ ಈ ಏರ್ಪಾಡು ಪ್ರೀತಿಯ ಫಲವೆಂದು ಹೇಳಲು ಆಧಾರ ಸಾಲದು. ಆರು ಪಂಗಡಗಳಲ್ಲಿ ಯಾವುದೊಂದರ ಕೈಯಲ್ಲಿ ಬೀಗವಿದ್ದರೂ ಉಳಿದ ಐದು ಒಪ್ಪುವುದು ಕಷ್ಟ. ಸೊತ್ತಿನ ಮೇಲೆ ಹಕ್ಕಿಲ್ಲದ ಹೊರಗಿನವರ ಬಳಿ ಇದ್ದರೆ ಯಾರಿಗೂ ಹೆಚ್ಚು ಕಡಮೆಯಿಲ್ಲ. ಸೌಹಾರ್ದ ಇದ್ದಿರಬಹುದು, ಇಲ್ಲದಿದ್ದಿರಬಹುದು. ಬಾಗಿಲು ಮಾತ್ರ ಬೆಳಗಾದರೆ ತೆರೆಯುತ್ತದೆ. ಚರಿತ್ರೆಕಾರನಿಗೆ ವಿಷಯವಾಗತಕ್ಕದ್ದು ಈ ಬಾಗಿಲು ತೆರೆಯುವ ಕ್ರಮವೇ. ಬಿ. ಎ. ತರಗತಿಯಲ್ಲಿ ಕ್ರಿಮಿಯಾ ಯುದ್ಧಕ್ಕೆ ಬೆತ್ಲೆಹೇಮಿನ ಗುಡಿಯ ಬೀಗದ ಕೈ ಒಂದು ಕಾರಣವೆಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಒಂದು ಅಂಕ ಪಡೆಯುತ್ತಾರೆ. ಒಂದು ಕೀಲಿಕೈಗಾಗಿ ಸಾಮ್ರಾಜ್ಯಗಳು ಕಾದುವುದು ಹುಚ್ಚಲ್ಲವೆ ಎಂದು ಅವರಿಗನಿಸಿದರೆ ತಪ್ಪು ಅವರದಲ್ಲ. ಕೀಲಿಕೈ ಅಲ್ಲಿ ಕಾಗದಪತ್ರದಷ್ಟೇ ಬಲವಾದ ಹಕ್ಕಿನ ಸಾಕ್ಷಿಯೆಂದು ನಾವು ಹೇಳಿಕೊಟ್ಟಿಲ್ಲ.

ಈ ಪದ್ಧತಿಗೆ ಯೂರೋಪಿನವರು ‘ಸ್ಟೇಟಸ್ ಕೋ’ ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅದನ್ನು ‘ಯಥಾಸ್ಥಿತಿ’ಯೆಂದು ಅನುವಾದಿಸುತ್ತಾರೆ. ಇದು ಕೋರ್ಟಿನ ಮಾತು. ವ್ಯಾಜ್ಯ ತೀರುವವರೆಗೆ ಯಾರೂ ಅಲುಗಾಡಕೂಡದು ಎಂಬ ತಾತ್ಕಾಲಿಕ ಅರ್ಥ ಅದರಲ್ಲಿ ಪ್ರಧಾನ. ಅಲ್ಲಿ ಇರುವುದು ಸ್ಥಿತಿ, ನಡೆಯುವುದು ಏನೂ ಇಲ್ಲ. ಜೆರೂಸಲೇಮಿನದಾದರೋ ದಿನವೂ ನಡೆಯುವ ಕೆಲಸ: ಗುಡಿಸುವುದು, ದೀಪ ಹಚ್ಚುವುದು, ಮೆರವಣಿಗೆ ಹೊರಡುವುದು, ಇನ್ನೊಬ್ಬರು ಬರುವ ಹೊತ್ತಿಗೆ ಜಾಗ ಬಿಡುವುದು. ಇದಕ್ಕೆ ನಮ್ಮ ಹಳೆಯ ಕಚೇರಿಗಳ ಕನ್ನಡದಲ್ಲಿ ತಕ್ಕ ಮಾತಿದೆ. ಅದು ‘ಮಾಮೂಲು’. ಆಚರಣೆಯಲ್ಲಿರುವುದು, ನಡೆದುಬಂದದ್ದು ಎಂಬುದು ಅದರ ಮೂಲಾರ್ಥ. ‘ಅಮಲು’, ‘ಅಮಲ್ದಾರ’ ಎಂಬ ಮಾತುಗಳು ಬಂದಿರುವುದೂ ಅದೇ ಅರಬ್ಬಿ ಧಾತುವಿನಿಂದ. ದೇವಸ್ಥಾನದ ಉತ್ಸವ ಮಾಮೂಲು ಪ್ರಕಾರ ನಡೆಯತಕ್ಕದ್ದೆಂದರೆ, ಯಾರಿಗೆ ಮೊದಲ ತಾಂಬೂಲ, ತೇರು ಯಾವ ಬೀದಿಯಲ್ಲಿ ತಿರುಗಬೇಕು, ಯಾವ ಊರಿನವರು ಹಗ್ಗ ಹಿಡಿಯಬೇಕು ಎಂಬುದೆಲ್ಲ ಅದರಲ್ಲಿ ಅಡಕ. ಈಗ ಆ ಮಾತು ಲಂಚಕ್ಕೆ ಮರೆಯಾಗಿ ಮಾನಗೆಟ್ಟಿರುವುದು ನಿಜ. (ಲಂಚವೂ ನಡೆದುಬಂದದ್ದೇ ಎಂದು ಯಾರಾದರೂ ವಾದಿಸಿಯಾರು.) ಆದರೂ ಚರಿತ್ರೆಯ ಬರಹದಲ್ಲಿ ಅದನ್ನು ಮರಳಿ ಪಡೆಯುವುದು ಲಾಭಕರವೆಂದು ನಮ್ಮ ಅಭಿಪ್ರಾಯ. ‘ಜೆರೂಸಲೇಮಿನ ಮಾಮೂಲು’ ಎಂದರೆ ನಮ್ಮ ಹಳ್ಳಿಯ ವಿದ್ಯಾರ್ಥಿಗೆ ಅರ್ಧ ವಿಷಯ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ತನ್ನ ಊರಿನ ಜಾತ್ರೆಯಲ್ಲಿ ಹಗ್ಗ ಹಿಡಿಯುವ ಸರದಿಗಾಗಿ ಎದ್ದ ಜಗಳ ಅವನಿಗೆ ನೆನಪಾಗುತ್ತದೆ.

1917ರ ಡಿಸೆಂಬರಿನಲ್ಲಿ ಅಲೆನ್‌ಬಿಯ ಸೈನ್ಯ ನಗರವನ್ನು ಹಿಡಿದಾಗ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಗುಡಿಯ ಬಾಗಿಲು ಕಾಯುವ ಮುಸಲ್ಮಾನ ಮನೆತನಗಳಿಗೆ ತಮ್ಮ ಹಳೆಯ ಕೆಲಸವನ್ನು ಮುಂದುವರಿಸಬೇಕೆಂದು ಹೇಳಿದ್ದು. ಗುಮ್ಮಟದ ಸುತ್ತ ಇಂಡಿಯದ ಮುಸಲ್ಮಾನ ಸಿಪಾಯಿಗಳ ಕಾವಲಿಟ್ಟದ್ದು ಇನ್ನೊಂದು. ಗೆದ್ದವನು ಸಹ ಮಾಮೂಲಿಗೆ ತಲೆಬಾಗಿದನು. ಪ್ಯಾಲೆಸ್ಟೈನಿನ ಆ ಯುದ್ಧದಲ್ಲಿ ಮೈಸೂರಿನ ಲ್ಯಾನ್ಸರ್ ದಂಡು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿಯುವುದರಲ್ಲಿ ಪಾಲುಗೊಂಡದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಕುದುರೆಗಳ ಓಟಕ್ಕೆ ಸಿಕ್ಕುವ ಪುಟ ಬೀಗದ ಕೈಗೆ ಸಿಕ್ಕುವುದಿಲ್ಲ.

ಇಷ್ಟು ಹೇಳಿದ ಮೇಲೆ ಪೂರ್ವಪಕ್ಷವೊಂದನ್ನು ಎದುರಿಸಬೇಕು. ಮಾಮೂಲೆಂಬುದು ಬಲಿಷ್ಠರ ಮಾಮೂಲಲ್ಲವೆ? ಯಾವ ದಿನ ಮುದ್ರೆ ಬಿತ್ತೋ ಆ ದಿನ ಮೇಲುಗೈ ಇದ್ದವರಿಗೆ ಅದು ಅನುಕೂಲ. ಆ ದಿನ ಕೆಳಗಿದ್ದವರು, ಊರಲ್ಲೇ ಇಲ್ಲದವರು, ಎಂದೆಂದಿಗೂ ಹಾಗೆಯೇ ಇರಬೇಕೆ? ಈ ಆಕ್ಷೇಪಣೆ ಬಲವಾದದ್ದು, ಜೆರೂಸಲೇಮಿನ ಚರಿತ್ರೆಯೇ ಅದಕ್ಕೆ ಸಾಕ್ಷಿ. ಪಶ್ಚಿಮದ ಗೋಡೆಯ ಬುಡದಲ್ಲಿ ಯೆಹೂದ್ಯರು ಪ್ರಾರ್ಥಿಸಬಹುದೆಂಬುದು ತುರ್ಕಿಯವರ ಕಾಲದ ಮಾಮೂಲು. ಅಲ್ಲಿಗೆ ಬೆಂಚನ್ನಾಗಲಿ ಕುರ್ಚಿಯನ್ನಾಗಲಿ ತರಬಾರದೆಂಬುದೂ ಮಾಮೂಲೇ. 1928ರ ಉಪವಾಸದ ಹಬ್ಬದಂದು ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸಲು ಒಂದು ಬಟ್ಟೆಯ ತೆರೆ ಕಟ್ಟಿದರು, ಪೋಲೀಸರು ಕಿತ್ತುಹಾಕಿದರು. ವರ್ಷ ತುಂಬುವುದರೊಳಗೆ, 1929ರ ಆಗಸ್ಟಿನ ದಂಗೆಗಳಲ್ಲಿ, 133 ಯೆಹೂದ್ಯರೂ 116 ಅರಬರೂ ಸತ್ತರು. ಮುಂದಿನ ವರ್ಷ ಅಂತರರಾಷ್ಟ್ರೀಯ ಆಯೋಗವೊಂದು ಕುಳಿತು, ಗೋಡೆ ಮುಸಲ್ಮಾನರ ಸೊತ್ತು, ಪ್ರಾರ್ಥನೆ ಯೆಹೂದ್ಯರ ಹಕ್ಕು, ಕೊಂಬನ್ನು ಊದಕೂಡದು ಎಂದು ವಿಧಿಸಿತು. 1948ರಿಂದ 1967ರವರೆಗೆ ಹಳೆಯ ಪಟ್ಟಣ ಜೋರ್ಡನಿನ ಕೈಯಲ್ಲಿದ್ದಾಗ, ಪವಿತ್ರಸ್ಥಾನಗಳಿಗೆ ಹೋಗಿಬರುವ ಮಾತು 1949ರ ಕದನವಿರಾಮದ ಕರಾರಿನಲ್ಲಿದ್ದರೂ, ಇಸ್ರೇಲಿನ ಯೆಹೂದ್ಯರಿಗೆ ಗೋಡೆಯ ದರ್ಶನವಾಗಲಿಲ್ಲ. 1967ರ ಜೂನಿನಲ್ಲಿ ಇಸ್ರೇಲು ಅದನ್ನು ಹಿಡಿದೊಡನೆ ಗೋಡೆಯ ಮುಂದಿನ ಮಗ್ರಬಿಗಳ ಕೇರಿಯನ್ನು ನೆಲಸಮ ಮಾಡಿ ಬಯಲು ಬಿಡಿಸಿತು. ಮೇಲಿನ ಜಗತಿಯನ್ನು ಮಾತ್ರ ಮುಸಲ್ಮಾನರ ವಕ್ಫಿನ ಆಡಳಿತಕ್ಕೆ ಬಿಟ್ಟು, ಇತರರು ನೋಡಿ ಹೋಗಬಹುದು, ಪ್ರಾರ್ಥಿಸಬಾರದು ಎಂಬ ಹೊಸ ಮಾಮೂಲನ್ನು ಹಾಕಿತು. ಈ ಕೊನೆಯ ವರ್ಷಗಳಲ್ಲಿ ಅದೂ ಸಡಿಲುತ್ತ ಬಂದಿದೆ. ಮುರಿದಾಗ ರಕ್ತ ಹರಿದಿದೆ. ಮುರಿಯದೆ ಇದ್ದಾಗ ಯಾರದೋ ಮನಸ್ಸು ಕುದಿದಿದೆ. ಆದ್ದರಿಂದ ಮಾಮೂಲನ್ನು ನ್ಯಾಯವೆಂದು ನಾವು ಹೇಳುತ್ತಿಲ್ಲ. ಅದು ಚರಿತ್ರೆಯ ಕೈಗೆ ಸಿಕ್ಕುವ ವಸ್ತು ಎಂದಷ್ಟೇ ಹೇಳುತ್ತೇವೆ. ಅದಕ್ಕೆ ತಾರೀಕು ಇದೆ, ಅದನ್ನು ಬರೆದವರಿದ್ದಾರೆ, ಅದರಿಂದ ಗೆದ್ದವರೂ ಸೋತವರೂ ಇದ್ದಾರೆ. ‘ಪವಿತ್ರ’ ಎಂಬ ಮಾತಿಗೆ ಇವು ಯಾವುವೂ ಇಲ್ಲ.

1229ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕನೂ ಈಜಿಪ್ಟಿನ ಸುಲ್ತಾನ ಅಲ್ ಕಾಮಿಲನೂ ಯುದ್ಧವಿಲ್ಲದೆ ಮಾಡಿಕೊಂಡ ಒಪ್ಪಂದ ಇದಕ್ಕೆ ಹಳೆಯ ಉದಾಹರಣೆ. ನಗರ ಕ್ರೈಸ್ತರಿಗೆ, ಗುಮ್ಮಟವೂ ಮಸೀದಿಯೂ ಮುಸಲ್ಮಾನರಿಗೆ, ಅವಧಿ ಸುಮಾರು ಹತ್ತು ವರ್ಷ. ಇಬ್ಬರನ್ನೂ ಅವರವರ ಕಡೆಯವರೇ ಶಪಿಸಿದರು. ಕ್ರೈಸ್ತರ ಧರ್ಮಾಧ್ಯಕ್ಷನು ನಗರದ ಮೇಲೆಯೇ ಬಹಿಷ್ಕಾರ ಹಾಕಿದನು, ದಮಾಸ್ಕಸಿನಲ್ಲಿ ಜನ ಶೋಕ ಆಚರಿಸಿದರು. ನಮ್ಮ ಪುಸ್ತಕಗಳಲ್ಲಿ ಆರನೆಯ ಕ್ರೂಸೇಡೆಂಬ ಹೆಸರಿನಲ್ಲಿ ಇದಕ್ಕೆ ಎರಡು ಸಾಲು. ಸಲಾದೀನನಿಗೂ ರಿಚರ್ಡನಿಗೂ ನಾಲ್ಕು ಪುಟ.

ಈಗ ಹಿಂದೆ ಹೇಳಿದ ಹೆಮ್ಮೆಯ ಮಾತಿಗೆ ಬರೋಣ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಗುಹೆಯನ್ನು ಕನ್ನಡದಲ್ಲಿ ಬರೆದವರು ಬಹುಕಾಲ ‘ಹಿಂದೂ ಮುಸ್ಲಿಂ ಭಾವೈಕ್ಯದ ಕ್ಷೇತ್ರ’ವೆಂದು ಕೊಂಡಾಡಿದರು; ಈಚೆಗೆ ಬರೆಯುವವರು ‘ವಿವಾದಿತ ಸ್ಥಳ’ವೆನ್ನುತ್ತಾರೆ. ಜೆರೂಸಲೇಮನ್ನು ಕುರಿತ ಎರಡು ವಾಕ್ಯಗಳೇ ಇಲ್ಲಿಗೂ ಬಂದು ಕೂತಿವೆ. ಇವೆರಡರ ನಡುವಿನ ವಸ್ತು ಯಾವುದು? ‘ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ’ ಎಂಬ ದೀರ್ಘವಾದ ಹೆಸರಿನಿಂದ ಆ ಸಂಸ್ಥೆ ಮುಜರಾಯಿ ಇಲಾಖೆಗೆ ಸೇರಿತ್ತು. ಅದರ ಹೆಸರೇ ಒಂದು ಮಾಮೂಲು. 1975ರಲ್ಲಿ ಸರ್ಕಾರ ಅದನ್ನು ವಕ್ಫ್ ಮಂಡಲಿಗೆ ವಹಿಸಿತು. ಚಿಕ್ಕಮಗಳೂರಿನ ಜಿಲ್ಲಾ ನ್ಯಾಯಾಲಯ 1980ರಲ್ಲಿ ಅದು ವಕ್ಫ್ ಸೊತ್ತಲ್ಲವೆಂದು ತೀರ್ಪಿತ್ತಿತು. ಆಗ ಎದ್ದ ಪ್ರಶ್ನೆ, 1975ರ ಜೂನಿಗೆ ಮುಂಚೆ ಅಲ್ಲಿ ಏನು ನಡೆಯುತ್ತಿತ್ತೆಂಬುದು. ಮುಜರಾಯಿ ಕಮಿಷನರರು ವಿಚಾರಣೆ ನಡಸಿ 1989ರಲ್ಲಿ ಕೊಟ್ಟ ಆದೇಶದ ಪ್ರಕಾರ, ಷಾ ಖಾದ್ರಿಯು ನೇಮಿಸಿದ ಮುಜಾವರನು ಪಾದುಕೆಗಳಿಗೆ ಹೂವಿಟ್ಟು, ನಂದಾದೀಪ ಹಚ್ಚಿ, ಬಂದವರಿಗೆಲ್ಲ ತೀರ್ಥ ಕೊಡುವುದು ಅಲ್ಲಿನ ರೂಢಿ. ದೀಪ ಯಾರು ಹಚ್ಚಬೇಕು, ತೀರ್ಥ ಯಾರು ಕೊಡಬೇಕು ಎಂಬ ಈ ಬರಹ ಕಸ್ಟನ ಟಿಪ್ಪಣಿಯ ಒಡಹುಟ್ಟು. ಗುಹೆಯೊಳಗೆ ಮುಜಾವರನೊಬ್ಬನೇ ಎಂದ 2018ರ ಸರ್ಕಾರಿ ಆದೇಶವನ್ನು ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ರದ್ದುಮಾಡಿತು. 2022ರ ಡಿಸೆಂಬರಿನ ದತ್ತಜಯಂತಿಯ ಹೊತ್ತಿಗೆ ಮುಜಾವರನ ಜೊತೆಗೆ ಅರ್ಚಕರ ನೇಮಕವೂ ಆಯಿತು. ಮಾಮೂಲು ಬದಲಾಯಿತು. ಒಬ್ಬರ ದೃಷ್ಟಿಯಲ್ಲಿ ಇದು ಹಳೆಯ ಹಕ್ಕಿನ ಮರಳಿಕೆ. ಇನ್ನೊಬ್ಬರ ದೃಷ್ಟಿಯಲ್ಲಿ ನಡೆದುಬಂದದ್ದರ ಭಂಗ. ಯಾವ ತಾರೀಕನ್ನು ಹಿಡಿದು ನೋಡುತ್ತೇವೆಂಬುದರ ಮೇಲೆ ಉತ್ತರ ನಿಂತಿದೆ.

ತಾರೀಕನ್ನು ಆರಿಸುವವನೇ ಅರ್ಧ ವ್ಯಾಜ್ಯವನ್ನು ತೀರ್ಮಾನಿಸಿಬಿಡುತ್ತಾನೆ. ಸುಲ್ತಾನನು 1852ನ್ನು ಆರಿಸಿದನು. ಬಾಬಾಬುಡನ್‌ಗಿರಿಯ ವಿಚಾರಣೆ 1975ರ ಜೂನನ್ನು ಆರಿಸಿತು. ನಮ್ಮ ಪಾರ್ಲಿಮೆಂಟು 1991ರಲ್ಲಿ ಪೂಜಾಸ್ಥಾನಗಳ ಕಾನೂನನ್ನು ಮಾಡಿದಾಗ, ಅಯೋಧ್ಯೆಯೊಂದನ್ನು ಬಿಟ್ಟು, 1947ರ ಆಗಸ್ಟ್ 15ನ್ನು ಆರಿಸಿತು. ಚರಿತ್ರೆಯ ಅಧ್ಯಾಪಕರಾದ ನಾವು ವಿದ್ಯಾರ್ಥಿಗಳಿಂದ ತಾರೀಕುಗಳನ್ನು ಒಪ್ಪಿಸಿಕೊಳ್ಳುವುದರಲ್ಲಿ ಖ್ಯಾತರು. ಒಂದು ತಾರೀಕನ್ನು ಯಾರು ಏಕೆ ಗೆರೆಯಾಗಿ ಎಳೆದರೆಂಬ ಪ್ರಶ್ನೆಯನ್ನು ಮಾತ್ರ ಪ್ರಶ್ನಪತ್ರಿಕೆಯಲ್ಲಿ ನಾವು ಕಂಡದ್ದಿಲ್ಲ.

ಮಾಮೂಲಿನ ಚರಿತ್ರೆಗೆ ಬೇಕಾದ ಸಾಮಗ್ರಿ ಭವ್ಯವಾದದ್ದಲ್ಲ. ಲೆಕ್ಕ, ಕಾಗದ, ಚೀಟಿ, ತಕರಾರು ಅರ್ಜಿ. ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಅಬ್ರಹಾಮ್ ಬೆನ್ ಯಿಜು ಎಂಬ ಟ್ಯುನೀಸಿಯದ ಯೆಹೂದ್ಯ ವರ್ತಕನು 1132ರ ಸುಮಾರಿನಿಂದ 1149ರವರೆಗೆ ನೆಲಸಿದ್ದನೆಂಬುದು ನಮಗೆ ತಿಳಿದಿರುವುದು ಕೈರೊ ನಗರದ ಸಭಾಮಂದಿರವೊಂದರಲ್ಲಿ ಬಿಸಾಡದೆ ಕೂಡಿಟ್ಟಿದ್ದ ಹಳೆಯ ಕಾಗದಗಳಿಂದ. ಅವನ ಸೇವಕನಾಗಿ ಏಡನ್ನಿಗೆ ಸರಕು ಸಾಗಿಸಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮನೆಂಬ ನಮ್ಮ ಕರಾವಳಿಯವನ ಹೆಸರು ಉಳಿದದ್ದೂ ಅವುಗಳಿಂದಲೇ. ಅದೇ ವರ್ಷಗಳಲ್ಲಿ ಜೆರೂಸಲೇಮು ಕ್ರೂಸೇಡಿನವರ ರಾಜಧಾನಿ. 1099ರ ಕೊಲೆಯ ತರುವಾಯ ಯೆಹೂದ್ಯರಿಗೂ ಮುಸಲ್ಮಾನರಿಗೂ ಅಲ್ಲಿ ವಾಸಕ್ಕೆ ಎಡೆಯಿರಲಿಲ್ಲ. ಪವಿತ್ರ ನಗರದಲ್ಲಿ ಅಸಾಧ್ಯವಾಗಿದ್ದ ಸಹವಾಸ ಮೆಣಸು ಅಡಕೆಗಳ ಬಂದರಿನಲ್ಲಿ ಸಾಧ್ಯವಾಗಿತ್ತು. ಅಲ್ಲಿ ಅದನ್ನು ಸೌಹಾರ್ದವೆಂದು ಯಾರೂ ಕರೆಯಲಿಲ್ಲ. ಬಾಕಿ ಎಷ್ಟು, ಜಮಾ ಎಷ್ಟು ಎಂದು ಬರೆದಿಟ್ಟರು.

ಇಷ್ಟು ಸುತ್ತಿ ಮತ್ತೆ ಕನಕಪುರ ತಾಲ್ಲೂಕಿಗೆ ಬರುತ್ತೇವೆ. ಹಾರೋಬೆಲೆಯ ಬಳಿ ಕಪಾಲಬೆಟ್ಟವಿದೆ. ಏಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾವೆಂಬ ಹೆಸರಿಗೆ ತಲೆಯೋಡಿನ ಸ್ಥಳವೆಂದು ಅರ್ಥ. ಕನ್ನಡದ ಕ್ರೈಸ್ತರ ಬಾಯಲ್ಲಿ ಅದು ಕಪಾಲವಾಗಿದೆ. ಜೆರೂಸಲೇಮಿನ ಒಂದು ತುಣುಕು ಹೀಗೆ ನಮ್ಮ ಕಲ್ಲುಬೆಟ್ಟಗಳ ಸಾಲಿಗೆ ಬಂದು ಸೇರಿದೆ. 2019ರ ಡಿಸೆಂಬರ್ 25ರಂದು ಅಲ್ಲಿ 114 ಅಡಿ ಎತ್ತರದ ಏಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ಹತ್ತು ಎಕರೆ ಗೋಮಾಳ ಮಂಜೂರಾಗಿತ್ತು. 2020ರ ಜನವರಿ 13ರಂದು ಅದನ್ನು ವಿರೋಧಿಸಿ ಕನಕಪುರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಅದು ಮುನೇಶ್ವರನ ಬೆಟ್ಟವೆಂಬುದು ವಿರೋಧಿಸಿದವರ ವಾದ. ಆಗಿನ ಚರ್ಚೆಯೆಲ್ಲ ಬಹುಮಟ್ಟಿಗೆ ಮೂರು ವಿಷಯಗಳ ಸುತ್ತ ತಿರುಗಿತು: ಪ್ರತಿಮೆಯ ಎತ್ತರ, ನೆಲದ ಎಕರೆ, ಹೆಸರಿನ ವ್ಯುತ್ಪತ್ತಿ. ಇವುಗಳಲ್ಲಿ ಕೊನೆಯದು ಅತ್ಯಂತ ನಿಷ್ಪ್ರಯೋಜಕ. ಕಪಾಲವೆಂಬ ಮಾತು ಗೊಲ್ಗೊಥಾಕ್ಕೆ ಎಷ್ಟು ಒಪ್ಪುತ್ತದೆಯೋ ಶಿವನ ಕೈಯ ಓಡಿಗೂ ಅಷ್ಟೇ ಒಪ್ಪುತ್ತದೆ, ನಿಘಂಟು ಹಕ್ಕುಪತ್ರವಲ್ಲ. ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆ. ಬೆಟ್ಟವನ್ನು ಯಾರು ಯಾವ ದಿನಗಳಲ್ಲಿ ಹತ್ತುತ್ತಿದ್ದರು, ಯಾವ ದಾರಿಯಿಂದ ಹತ್ತುತ್ತಿದ್ದರು, ದಾರಿಯ ಮುಳ್ಳನ್ನು ಯಾರು ಕಡಿಯುತ್ತಿದ್ದರು, ದನ ಮೇಯಿಸುವವರಿಗೆ ಯಾವ ಮಗ್ಗುಲು ಬಿಟ್ಟಿತ್ತು, ಒಬ್ಬರ ಹಬ್ಬದಂದು ಇನ್ನೊಬ್ಬರು ಏನು ಮಾಡುತ್ತಿದ್ದರು. ಗೋಮಾಳದ ಕಾಗದಗಳು ತಾಲ್ಲೂಕು ಕಚೇರಿಯಲ್ಲಿ ನೋಡತಕ್ಕವು. ಉಳಿದದ್ದನ್ನು ಬಲ್ಲ ಹಿರಿಯರು ಹಾರೋಬೆಲೆಯಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಇನ್ನೂ ಇದ್ದಾರೆ; ನಮ್ಮ ತರಗತಿಗಳಲ್ಲಿ ಕುಳಿತಿರುವವರಲ್ಲಿ ಕೆಲವರು ಅವರ ಮೊಮ್ಮಕ್ಕಳು.